ಗುಳ್ಳೆ ಏಳದ ಕಾರ್ಡು

ಮಗಳ ಲಸಿಕೆ ಕಾರ್ಡು ಕೈಗೆ ಬಂದ ದಿನವೇ ಶಪಥ ಮಾಡಿದೆ: ಲೋಕದ ಯಾವ ರೋಗವೂ ಈ ಕೂಸಿನ ಹತ್ತಿರ ಸುಳಿಯಬಾರದು! ನನ್ನದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ. ಕಾಗದಕ್ಕೆ ಚಿರಂಜೀವಿ ಪಟ್ಟ ಕೊಡುವ ಮಹಾವೈದ್ಯ ನಾನು!

ಅವಳಿಗೆ ವರ್ಷ ತುಂಬಿದ ವಾರ ಕಾರ್ಡನ್ನು ಯಂತ್ರಕ್ಕೆ ಕೊಟ್ಟೆ. ಎರಡೂ ಕಡೆ ಪ್ಲಾಸ್ಟಿಕ್, ಫಳಫಳ ಹೊಳಪು. "ನೋಡೇ, ಒಂದಾದರೂ ಗುಳ್ಳೆ ಎದ್ದಿದೆಯಾ?" ಎಂದು ಹೆಂಡತಿಯ ಮುಂದೆ ಹಿಡಿದೆ.

"ರೀ, ಅದರಲ್ಲಿ ಇನ್ನೂ ಬರೆಯೋದಿತ್ತಲ್ರೀ!"

"ಕಾರ್ಡಿನ ಚಿಂತೆ ಬಿಡು. ಅದು ನನ್ನ ಜವಾಬ್ದಾರಿ!"

ಅಲ್ಲಿಗೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ನಮ್ಮ ಬೀದಿಯ ಅಷ್ಟೂ ಮಕ್ಕಳ ಕಾರ್ಡು ಇಸಿದುಕೊಂಡು ಪುಕ್ಕಟೆ ಲ್ಯಾಮಿನೇಟ್ ಮಾಡಿಕೊಟ್ಟೆ. ಸಮಾಜಸೇವೆ!

ಮುಂದಿನ ತಿಂಗಳು ನರ್ಸಮ್ಮ ಮಗಳಿಗೆ ಸೂಜಿ ಚುಚ್ಚಿ, ಕಾರ್ಡಿನ ಮೇಲೆ ಪೆನ್ನು ಒತ್ತಿದರು. ಜಾರಿತು. ಇನ್ನೊಂದು ಪೆನ್ನು. ಅದೂ ಜಾರಿತು.

"ಸ್ವಾಮೀ, ಮುಂದಿನ ತಾರೀಖು ಎಲ್ಲಿ ಬರೀಲಿ? ನಿಮ್ಮ ಹಣೆ ಮೇಲಾ?"

"ಬಾಯಲ್ಲಿ ಹೇಳಿ ಸಿಸ್ಟರ್. ನನ್ನ ತಲೆ ಇದೆಯಲ್ಲ!"

"ಮೂರು ತಿಂಗಳು ಬಿಟ್ಟು ಚಿಕನ್‌ಪಾಕ್ಸ್ ಲಸಿಕೆ. ಮರೀಬೇಡಿ."

ಮರೆತೆ. ಮೂರು ತಿಂಗಳಲ್ಲ, ಮೂರು ವರ್ಷ ಮರೆತೆ! ಕಾರ್ಡು ಗೋಡೆಯ ಮೇಲೆ ಹೊಳೆಯುತ್ತಿತ್ತು. ನಾನು ನನ್ನ ಸಮಾಜಸೇವೆಯನ್ನು ಮಗಳಿಗೆ ಕಥೆ ಮಾಡಿ ಹೇಳುತ್ತಿದ್ದೆ.

ಅವಳು ಶಾಲೆಗೆ ಸೇರಿ ಎರಡು ವಾರವಾಗಿತ್ತಷ್ಟೆ. ಮೈ ಕೆಂಡದಂತೆ ಸುಡತೊಡಗಿತು. ಹೊಟ್ಟೆ, ಬೆನ್ನು, ಕಣ್ಣರೆಪ್ಪೆಯ ಮೇಲೂ ನೀರುಗುಳ್ಳೆ. "ಉರೀತಿದೆ ಅಪ್ಪಾ" ಎಂದು ಅತ್ತಳು. ತುರಿಸಿಕೊಳ್ಳದಿರಲೆಂದು ಅವಳ ಉಗುರು ಕತ್ತರಿಸುತ್ತಿದ್ದ ಹೆಂಡತಿ ಗೋಡೆಯತ್ತ ನೋಡಿದಳು.

"ಕಾರ್ಡಿಗೆ ಒಂದೂ ಗುಳ್ಳೆ ಎದ್ದಿಲ್ಲ ಬಿಡಿ. ಎಲ್ಲಾ ಮಗು ಮೈಮೇಲೆ ಎದ್ದಿದೆ."

ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಮಕ್ಕಳ ಡಾಕ್ಟರ ಬಳಿ ಓಡಿದೆವು. ಬೆಂಚಿನ ತುಂಬ ನಮ್ಮ ಬೀದಿಯವರೇ! ಟೈಲರ್ ಮಗ, ಟೀಚರ ಅವಳಿಗಳು, ಎದುರುಮನೆಯ ಪುಟ್ಟಿ. ಎಲ್ಲ ಮಕ್ಕಳ ಮೈಮೇಲೂ ಗುಳ್ಳೆ, ಎಲ್ಲ ತಾಯಂದಿರ ಕೈಯಲ್ಲೂ ಫಳಫಳ ಕಾರ್ಡು.

ಡಾಕ್ಟರು ಒಂದೊಂದನ್ನೇ ತಿರುವಿ ನೋಡಿದರು. "ಒಂದರಲ್ಲೂ ಮುಂದಿನ ತಾರೀಖೇ ಇಲ್ವಲ್ರೀ! ಯಾವ ಪುಣ್ಯಾತ್ಮ ಇದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿದ್ದು?"

ನಾನು ಹೆಂಡತಿಯ ಬೆನ್ನ ಹಿಂದೆ ಅಡಗಿದೆ. ಅವಳು ಪಕ್ಕಕ್ಕೆ ಸರಿದಳು. ನನ್ನ ಹೆಗಲಿಗೊರಗಿದ್ದ ಮಗಳು ತಲೆ ಎತ್ತಿ, ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

"ನಮ್ಮಪ್ಪ! ಎಲ್ಲರಿಗೂ ಫ್ರೀಯಾಗಿ ಮಾಡಿಕೊಟ್ಟಿದ್ದು!"