ಭಾವನ ಕಾಲೇಜು, ಏಳೂವರೆಯ ಊಟ

ನನ್ನ ಭಾವ ಕಾಲೇಜಿಗೆ ಸೇರಿ ಅಲ್ಲಿರುವುದನ್ನೆಲ್ಲ ಕಲಿತರು, ಪಾಠ ಒಂದನ್ನು ಬಿಟ್ಟು!

ಭಾವ ಎಂದರೆ ಅಕ್ಕನ ಗಂಡ, ವಜ್ರಳ್ಳಿಯವರು. ತೊಂಬತ್ತರ ದಶಕದ ನಡುವೆ, ತಮಗೆ ಐವತ್ತು ತುಂಬಿದಾಗ, ತೋಟವನ್ನು ತಮ್ಮನಿಗೆ ಒಪ್ಪಿಸಿ ಕಾನೂನು ಓದಲು ಶಿರಸಿಗೆ ಬಂದರು. ಉಳಿದುಕೊಂಡದ್ದು ನಮ್ಮ ಮನೆಯಲ್ಲಿ. ನಾನು ಆಗ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ನಮ್ಮ ಮನೆಯ ರಾತ್ರಿಯೂಟ ಏಳೂವರೆಗೆ ಹೊರಡುತ್ತದೆ. ತಪ್ಪಿಸಿಕೊಂಡವರಿಗೆ ಬೆಳಗಿನ ಗಾಡಿ. ಬಸ್ಸುಗಳಂತೂ ನನ್ನ ಮಾತು ಕೇಳುತ್ತಿರಲಿಲ್ಲ, ಊಟವಾದರೂ ಕೇಳಬೇಡವೆ?

ಮೊದಲ ವಾರವೇ ಭಾವ ಕಬಡ್ಡಿ ತಂಡ ಸೇರಿದರು. ಮೊದಲ ಪಂದ್ಯದಲ್ಲಿ ಹಾವೇರಿ ಕಡೆಯಿಂದ ಬಂದ ಎದುರಾಳಿ ಹುಡುಗರು ಹಿಂದೆ ಹಿಂದೆ ಸರಿದರು. "ಹಿರ್ಯಾರದಾರ್ರಿ, ಹ್ಯಾಂಗ ಹಿಡಿಯೂದು?" ಭಾವ ನಿರಾತಂಕವಾಗಿ ಮೂರು ಅಂಕ ತಂದರು. ನಾಲ್ಕನೆಯ ಸಲ ಒಬ್ಬ ಧೈರ್ಯ ಮಾಡಿ ಎರಡೂ ಕಾಲು ಹಿಡಿದ. ಕಾಲು ಹಿಡಿದವರನ್ನು ಹರಸದೆ ಬಿಡುವುದುಂಟೆ? ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ ಬಾಯಿ ತಾನಾಗಿ "ಆಯುಷ್ಮಾನ್ ಭವ" ಎಂದಿತು. ಔಟ್!

ಆಮೇಲೆ ಶ್ರಮದಾನ, ರಸಪ್ರಶ್ನೆ, ಭಿತ್ತಿಪತ್ರಿಕೆ. ಉಪನ್ಯಾಸಕರೊಬ್ಬರು ಬಸ್ ನಿಲ್ದಾಣದಲ್ಲಿ ನನ್ನನ್ನು ನಿಲ್ಲಿಸಿ, "ನಿಮ್ಮ ಭಾವನಿಗೆ ಹೇಳಿ, ಕಾಲೇಜಿನ ಕಡೆ ಬಂದಾಗ ತರಗತಿಗೂ ಒಮ್ಮೆ ಹಣಕಿ ಹೋಗಲಿ" ಎಂದರು.

ಏನೇ ಇದ್ದರೂ ಏಳೂಕಾಲಿಗೆ ಏದುಸಿರು ಬಿಡುತ್ತ ಮನೆಗೆ ಓಡಿ ಬರುತ್ತಿದ್ದರು. ಬಂದವರು ಬಾವಿಯಿಂದ ಎರಡು ಕೊಡ ನೀರು ಸೇದಿದ ಮೇಲೆಯೇ ಊಟಕ್ಕೆ ಕೂರುವುದು.

"ನಲ್ಲೀಲೇ ನೀರು ಇದ್ದಲಾ ಭಾವ, ಸೇದದು ಎಂತಕ್ಕೆ?" ಎಂದೆ.

"ಇರ್ಲಿ ಭಾವ, ಸೇದದಿದ್ರೆ ಯಂಗೆ ಅನ್ನ ಇಳಿತಿಲ್ಲೆ." ನಮ್ಮಲ್ಲಿ ಇಬ್ಬರೂ ಪರಸ್ಪರ ಭಾವನೇ.

ನಾನೂ ನನ್ನ ಹೆಂಡತಿಯೂ ನಕ್ಕೆವು.

ಎರಡನೆಯ ವರ್ಷ ವಾರ್ಷಿಕೋತ್ಸವಕ್ಕೆ ನಾಟಕ. ಮುದುಕನ ಪಾತ್ರ ಕೊಟ್ಟರೆ ಭಾವ ಒಪ್ಪಲಿಲ್ಲ. ಹಟ ಹಿಡಿದು ವಿದ್ಯಾರ್ಥಿಯ ಪಾತ್ರ ಗಿಟ್ಟಿಸಿದರು. ಹೀಗಾಗಿ ಇಪ್ಪತ್ತರ ಹುಡುಗನ ತಲೆಗೆ ಬಿಳಿ, ಭಾವನ ತಲೆಗೆ ಕಪ್ಪು. ಕನ್ನಡಿಯ ಮುಂದೆ ನಿಂತು ಮಾತು ಬಾಯಿಪಾಠ ಮಾಡುವಾಗ ಅವರ ಮುಖದಲ್ಲಿದ್ದ ಖುಷಿಯನ್ನು ಅವರ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಆದರೆ ತಾಲೀಮು ಮುಗಿಯುವುದು ಎಂಟೂವರೆಯ ಮೇಲೆ.

"ಊಟ ಏಳೂವರೆಗೆ, ಭಾವ," ನೆನಪಿಸಿದೆ.

ಎಲ್ಲದಕ್ಕೂ ವಾದ ಹೂಡುವವರು ಅಂದು, "ಅಡ್ಡಿಲ್ಲೆ, ನಾಟಕ ಬಿಡ್ತೆ" ಎಂದುಬಿಟ್ಟರು.

ಶಿಸ್ತು ಗೆದ್ದಿತೆಂದು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ನಗಲಿಲ್ಲ.

"ಎಂತ ಮಾಡ್ದೆ ತಮಾ? ಅವ್ರು ಧಾರವಾಡದಲ್ಲಿ ವಾರಾನ್ನ ಉಂಡು ಬಿ.ಎ. ಮಾಡಿದ್ದು. ದಿನಕ್ಕೊಂದು ಮನೆ. ಕಾಲೇಜು ಬಿಟ್ಟ ಕೂಡ್ಲೆ ಓಡಿ ಹೋಗಿ ನೀರು ಸೇದಿ ಕೊಟ್ರೆ ಊಟ. ತಡ ಆದ್ರೆ ಬಾಗ್ಲು ಹಾಕ್ತಿದ್ರಡ. ಆಟ, ನಾಟಕ ಎಲ್ಲ ದೂರದಿಂದ ನೋಡಿದ್ದೇ ಸೈ."

ಮರುದಿನ ಸಂಜೆ ಆರಕ್ಕೇ ಭಾವ ಬಾವಿಕಟ್ಟೆಯಲ್ಲಿದ್ದರು. ಹೋಗಿ ಹಗ್ಗ ಕಸಿದುಕೊಂಡೆ.

"ನೀರು ಆನು ಸೇದ್ತೆ. ನಿಂಗ ತಾಲೀಮಿಗೆ ಹೋಗಿ."

"ಊಟ?"

"ನಿಂಗ ಬಂದ ಮೇಲೆ."

ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಓಡಿದರು, ಈ ಸಲ ಮನೆಯಿಂದ ಕಾಲೇಜಿನ ಕಡೆಗೆ.

ಗಡಿಯಾರ ಏಳೂವರೆ ತೋರಿಸಿತು. ಮೂರು ಬಾಳೆಲೆ ಹಾಕಿಟ್ಟು ನಾನೂ ನನ್ನ ಹೆಂಡತಿಯೂ ಕಾದು ಕುಳಿತಿದ್ದೆವು. ಅಂದು ನಮ್ಮ ಮನೆಯ ಊಟ ಒಂದೂವರೆ ತಾಸು ತಡವಾಗಿ ಹೊರಟಿತು. ಪ್ರಯಾಣಿಕರೊಬ್ಬರು ಬರುವುದಿತ್ತು.