ಮುಚ್ಚಳಕ್ಕೆ ಅಂಟಿದ ಮಸಾಲೆ ಪುಡಿ

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಶೇಡಣ್ಣನ ಸಂಸಾರದಲ್ಲಿ ಯಾವ ಕೊರತೆಯೂ ಇರಲಿಲ್ಲ. ಹತ್ತು ಗಂಟೆ ಐದು ನಿಮಿಷಕ್ಕೆ ಅವನಿಗೆ ಹುರಿದ ಆಲೂಗಡ್ಡೆಯ ಮೇಲೆ ಒಂದು ಚಿಟಿಕೆ ಮಸಾಲೆ ಪುಡಿ ಉದುರಿಸಿಕೊಳ್ಳಬೇಕು ಅನ್ನಿಸಿತು. ಕೆಟ್ಟದ್ದು ಅಲ್ಲೇ.

ಶೇಡಣ್ಣ ಎಂಬುದು ತಾಯಿ ತಂದೆ ಇಟ್ಟ ಹೆಸರಲ್ಲ, ವಠಾರ ಇಟ್ಟ ಹೆಸರು. ಬಣ್ಣದ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಗಿರಾಕಿ ಕೇಳಿದ ಶೇಡಿಗೆ ಬಣ್ಣ ಕಲಸುವುದು ಅವನ ಕೆಲಸ. ಗಿರಾಕಿ ಗೋಡೆಯಿಂದ ಉಗುರಗಲದ ಚಕ್ಕೆ ಕಿತ್ತು ತಂದುಕೊಟ್ಟರೆ ಸಾಕು. ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಳದಿ ಇಷ್ಟು ಹನಿ, ಕಪ್ಪು ಇಷ್ಟು ಹನಿ ಎಂದು ಬಿಟ್ಟು ಕಲಸಿದನೆಂದರೆ ಹಳೆಯ ಗೋಡೆ ಯಾವುದು, ಹೊಸ ತೇಪೆ ಯಾವುದು ಎಂದು ಗೋಡೆಗೇ ಗೊತ್ತಾಗುತ್ತಿರಲಿಲ್ಲ. ಅಡುಗೆಯ ವಿಷಯದಲ್ಲಿ ಮಾತ್ರ ಅವನ ಜ್ಞಾನ ಊಟದ ತಟ್ಟೆಯಿಂದ ಆಚೆಗೆ ಕಾಲಿಟ್ಟಿರಲಿಲ್ಲ.

ಹೆಂಡತಿ ಎಂಟು ಗಂಟೆಗೇ ಅಕ್ಕನ ಮನೆಗೆ ಹೊರಟಿದ್ದಳು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಿಚ್ಚಿ ಒಳಗೆ ಬಂದು, ಕಪಾಟಿನ ಮೇಲಿದ್ದ ಗಾಜಿನ ಬಾಟ್ಲಿಯನ್ನು ತೋರಿಸಿ ಹೇಳಿದ್ದಳು. "ರೀ, ನೀವು ಮನೇನ ತಲೆಕೆಳಗೆ ಮಾಡಿದ್ರೂ ಪರವಾಗಿಲ್ಲ. ಇದರ ತಂಟೆಗೆ ಮಾತ್ರ ಹೋಗ್ಬೇಡಿ. ಸಂಜೆ ಐದಕ್ಕೆ ದಿನಸಿ ಅಂಗಡಿ ಯಜಮಾನ್ರು ಬರ್ತಾರೆ."

ಆ ಬಾಟ್ಲಿಯಲ್ಲಿ ಇದ್ದದ್ದು ಅರ್ಧ ಕೆಜಿ ಮಸಾಲೆ ಪುಡಿ. ಅವಳೇ ಹುರಿದು, ಅವಳೇ ಪುಡಿ ಮಾಡಿ, ಅವಳೇ ಜರಡಿ ಹಿಡಿದದ್ದು. ಹದಿಮೂರು ವರ್ಷದಿಂದ ನೆಂಟರಿಷ್ಟರಿಗೆಲ್ಲ ಪೊಟ್ಟಣ ಕಟ್ಟಿ ಕೊಟ್ಟು, "ನಿನ್ನ ಕೈ ರುಚಿ ಯಾರಿಗೂ ಬರಲ್ಲ" ಎಂಬ ಮಾತು ಕೇಳಿ ಕೇಳಿ ಅವಳಿಗೊಂದು ಆಸೆ ಹುಟ್ಟಿತ್ತು. ಬೀದಿ ತುದಿಯ ದೊಡ್ಡ ದಿನಸಿ ಅಂಗಡಿಯ ಶೆಲ್ಫಿನಲ್ಲಿ ತನ್ನ ಪುಡಿ ಸಾಲಾಗಿ ನಿಲ್ಲಬೇಕು. ಆರು ತಿಂಗಳು ಬೆನ್ನು ಬಿದ್ದ ಮೇಲೆ ಯಜಮಾನರು ಮನೆಗೇ ಬಂದು ರುಚಿ ನೋಡುತ್ತೇನೆ ಎಂದಿದ್ದರು. ಹಿಂದಿನ ರಾತ್ರಿಯೆಲ್ಲ ಅವಳು ನಿದ್ದೆಯಲ್ಲೂ ನಗುತ್ತಿದ್ದುದನ್ನು ಶೇಡಣ್ಣ ನೋಡಿದ್ದ.

ಅವನಿಗೆ ಬೇಕಾಗಿದ್ದು ಒಂದೇ ಚಿಟಿಕೆ. ಮುಚ್ಚಳ ಬಿಗಿಯಾಗಿತ್ತು. ಬಾಟ್ಲಿಯನ್ನು ಕಂಕುಳಲ್ಲಿ ಅವುಚಿಕೊಂಡು, ಹಲ್ಲು ಕಚ್ಚಿ, ಒಮ್ಮೆ ಜೋರಾಗಿ ತಿರುಗಿಸಿದ. ಮುಚ್ಚಳ ಕೈಯಲ್ಲಿ ಉಳಿಯಿತು. ಬಾಟ್ಲಿ ಕಂಕುಳಿಂದ ಜಾರಿ, ಪಾತ್ರೆ ನೆನೆಹಾಕಿದ್ದ ಸೋಪಿನ ನೀರಿನ ಟಬ್ಬಿಗೆ ತಲೆಕೆಳಗಾಗಿ ಧುಮುಕಿತು.

ಬಾಟ್ಲಿ ಒಡೆಯಲಿಲ್ಲ, ಅದೊಂದು ಪುಣ್ಯ. ಆದರೆ ನೀರು ನೋಡನೋಡುತ್ತಿದ್ದಂತೆ ಕಂದು ಹಳದಿಗೆ ತಿರುಗಿತು. ಹೋದ ವರ್ಷ ತಾನೇ ಮೂರು ಮನೆಯ ಹೊರಗೋಡೆಗೆ ಕಲಸಿಕೊಟ್ಟ ಬಣ್ಣ ಇದೇ ಎಂದು ಶೇಡಣ್ಣನಿಗೆ ಮೊದಲು ಹೊಳೆಯಿತು. ಸಂಜೆ ಐದು ಗಂಟೆಯ ವಿಚಾರ ಆಮೇಲೆ ಹೊಳೆಯಿತು.

ಹೆಂಡತಿ ಬೈಯುತ್ತಾಳೆ ಎಂದು ಅವನು ಹೆದರಲಿಲ್ಲ. ಬೈಗುಳ ತಿಂದು ಅರಗಿಸಿಕೊಳ್ಳುವ ಅಭ್ಯಾಸ ಅವನಿಗಿತ್ತು. ಅವಳು ಬೈಯದೆ ಸುಮ್ಮನೆ ಕೂತುಬಿಟ್ಟರೆ ಏನು ಮಾಡುವುದು ಎಂದು ಹೆದರಿದ. ಆ ನಗು ಆರಿಹೋದ ಮುಖವನ್ನು ಮಾತ್ರ ಅವನು ನೋಡಲಾರ.

ಆಗ ಕೈಯಲ್ಲಿದ್ದ ಮುಚ್ಚಳ ಕಣ್ಣಿಗೆ ಬಿತ್ತು. ಒಳಗಡೆ ಒಂದು ಚಮಚದಷ್ಟು ಪುಡಿ ಅಂಟಿಕೊಂಡಿತ್ತು. ಬಿಳಿ ಕಾಗದದ ಮೇಲೆ ಅದನ್ನು ಕೆರೆದು, ಕಿಟಕಿಯ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿದ. ಹದಿನಾರು ವರ್ಷದಲ್ಲಿ ಅವನ ಕಣ್ಣಿಗೆ ಸಿಕ್ಕಿಯೂ ತಪ್ಪಿಸಿಕೊಂಡ ಬಣ್ಣ ಒಂದೂ ಇರಲಿಲ್ಲ. ಇದು ಯಾವ ಮಹಾ? ಬಣ್ಣ ಒಂದೇ ಆದರೆ ಪುಡಿಯೂ ಒಂದೇ ಎಂದು ಅವನು ತೀರ್ಮಾನಿಸಿಬಿಟ್ಟ. ಬಣ್ಣ ಕಲಸುವವನಲ್ಲದೆ ಬೇರೆ ಯಾರೂ ಹಾಗೆ ತೀರ್ಮಾನಿಸಲಾರರು.

ಡಬ್ಬಿಗಳನ್ನು ಇಳಿಸಿ ನೋಡಿದರೆ ಜೀರಿಗೆ, ಮೆಣಸು, ಅರಿಶಿನ ಇದ್ದವು. ಧನಿಯ ತಳ ಕಂಡಿತ್ತು. ಒಣಮೆಣಸಿನಕಾಯಿ ಡಬ್ಬಿಯಲ್ಲಿ ತೊಟ್ಟುಗಳು ಮಾತ್ರ ಉಳಿದಿದ್ದವು. ಹತ್ತಿರದ ದಿನಸಿ ಅಂಗಡಿಯೆಂದರೆ ಆ ಯಜಮಾನರದೇ. ಅಲ್ಲಿಗೆ ಹೋಗಿ ಧನಿಯ ಕೊಡಿ ಎಂದರೆ ಗುಟ್ಟು ರಟ್ಟಾದಂತೆ. ಹಾಗಾಗಿ ಶೇಡಣ್ಣ ಒಂದು ದೊಡ್ಡ ಪಾತ್ರೆ ಹಿಡಿದು ಮೇಲ್ಮನೆಯ ಮೆಟ್ಟಿಲು ಹತ್ತಿದ.

ಮೇಲ್ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ತರರು ಇದ್ದರು. ಅವರು ಧನಿಯ ಕೊಟ್ಟರು. ಧನಿಯದ ಹಿಂದೆಯೇ ತಾವೂ ಇಳಿದು ಬಂದರು. ಎದುರುಮನೆಯ ನರ್ಸಕ್ಕ ರಾತ್ರಿ ಪಾಳಿ ಮುಗಿಸಿ ಮಲಗುವುದರಲ್ಲಿದ್ದಳು. ಮೆಣಸಿನಕಾಯಿ ಯಾಕೆ ಎಂದು ಕೇಳಿ, ಉತ್ತರ ಅರ್ಧವಾಗುವಷ್ಟರಲ್ಲಿ ನಿದ್ದೆ ಬಿಟ್ಟು ಮೆಣಸಿನಕಾಯಿಯ ಜೊತೆ ಬಂದಳು. ಮಿಕ್ಸಿ ಮಾತ್ರ ಸ್ವಂತದ್ದು ಎಂದು ಶೇಡಣ್ಣ ಹೆಮ್ಮೆಪಟ್ಟುಕೊಂಡು ಗುಂಡಿ ತಿರುಗಿಸಿದರೆ ಅದು ಒಮ್ಮೆ ಗೊರ್ರೆಂದು ಸುಮ್ಮನಾಯಿತು. ಕೆಳಮನೆಯ ಟೈಲರ್ ತನ್ನ ಮಿಕ್ಸಿಯನ್ನು ಮಗುವಿನ ಹಾಗೆ ಎತ್ತಿಕೊಂಡು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದ.

ಹನ್ನೊಂದೂವರೆಗೆ ಬಾಣಲೆ ಒಲೆಯ ಮೇಲೆ ಕೂತಿತು. ಶೇಡಣ್ಣ ಎಲ್ಲವನ್ನೂ ಒಟ್ಟಿಗೆ ಸುರಿದ. ಬಣ್ಣ ಕಲಸುವುದು ಹಾಗೆಯೇ ತಾನೆ? ಮೇಷ್ಟ್ರು ತಲೆ ಚಚ್ಚಿಕೊಂಡರು. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಉರಿ ಸಣ್ಣಗಿರಬೇಕು, ಕೈ ಬಿಡದೆ ಆಡಿಸಬೇಕು ಎಂದು ಪಾಠ ಶುರುಮಾಡಿದರು. ಉರಿ ಸಣ್ಣ ಮಾಡಿದರೆ ರಾತ್ರಿಯಾಗುತ್ತದೆ ಎಂದು ನರ್ಸಕ್ಕ ಉರಿ ದೊಡ್ಡದು ಮಾಡಿದಳು. ಮೇಷ್ಟ್ರು ಸಣ್ಣದು ಮಾಡಿದರು. ಟೈಲರ್ ಇಬ್ಬರ ಜಗಳ ಬಿಡಿಸಲು ಉರಿಯನ್ನು ನಡುಮಟ್ಟಕ್ಕೆ ನಿಲ್ಲಿಸಿದ. ಅಷ್ಟರಲ್ಲಿ ಮೆಣಸಿನಕಾಯಿ ಕರಟಿತು.

ಆ ಘಾಟು ಮೊದಲು ಅಡುಗೆಮನೆಯನ್ನು ಹಿಡಿಯಿತು, ಆಮೇಲೆ ಮೆಟ್ಟಿಲನ್ನು, ಆಮೇಲೆ ಇಡೀ ವಠಾರವನ್ನು. ನಾಲ್ಕು ಮನೆಯ ಕಿಟಕಿಗಳು ಒಟ್ಟಿಗೆ ತೆರೆದವು. ಒಳಗಿದ್ದ ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿ, ಕಟ್ಟೆಯ ಮೇಲೆ ಸಾಲಾಗಿ ಕೂತು ಕೆಮ್ಮಿದರು. ಹಾದು ಹೋಗುತ್ತಿದ್ದವರು ಯಾರು ತೀರಿಕೊಂಡರು ಎಂದು ಕೇಳುವಷ್ಟು ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮೊದಲನೇ ಬಾಣಲೆ ಕಪ್ಪಾಯಿತು. ಎರಡನೆಯದು ಬಿಳಿಚಿಕೊಂಡಿತು, ಜ್ವರ ಬಿಟ್ಟವರ ಮುಖದ ಹಾಗೆ. ಶೇಡಣ್ಣ ಎರಡನ್ನೂ ಕಾಗದದ ಮೇಲೆ ಇಟ್ಟು, ಮುಚ್ಚಳದ ಪುಡಿಯ ಪಕ್ಕಕ್ಕೆ ಹಿಡಿದು, ಒಂದು ಶೇಡ್ ಹೆಚ್ಚು, ಒಂದೂವರೆ ಶೇಡ್ ಕಡಿಮೆ ಎಂದ. ರುಚಿ ನೋಡು ಎಂದು ಮೂವರೂ ಹೇಳಿದರು. ಅವನು ನೋಡಲೇ ಇಲ್ಲ. ಗೋಡೆಯನ್ನು ಯಾರಾದರೂ ನೆಕ್ಕುತ್ತಾರೆಯೆ ಎಂದು ಕೇಳಿದ.

ಮೂರು ಗಂಟೆಗೆ ಮೂರನೇ ಬಾಣಲೆ. ಈಗ ಉಳಿದಿದ್ದುದು ಅಷ್ಟೇ ಧನಿಯ, ಇದು ಕೆಟ್ಟರೆ ಮತ್ತೆ ದಾರಿ ಇರಲಿಲ್ಲ. ಶೇಡಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಸೌಟಿನಿಂದ ಆಡಿಸುತ್ತಾ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆ ಕಡೆ ಮೇಷ್ಟ್ರು, ಮೆಂತ್ಯ ಇಲ್ಲದ ಪುಡಿ ಪುಡಿಯೇ ಅಲ್ಲವೆಂದು ಮುಷ್ಟಿಯಲ್ಲಿದ್ದುದನ್ನು ಬಾಣಲೆಗೆ ಬಿಟ್ಟರು. ಮೇಷ್ಟ್ರು ಬಿಟ್ಟದ್ದನ್ನು ನೋಡಿ ನರ್ಸಕ್ಕ ಸುಮ್ಮನಿದ್ದಾಳೆಯೆ? ಹೊಟ್ಟೆಗೆ ಒಳ್ಳೆಯದು ಎಂದಷ್ಟೇ ಹೇಳಿ, ಸೆರಗಿನ ಗಂಟು ಬಿಚ್ಚಿ ಅದೇನನ್ನೋ ಉದುರಿಸಿದಳು. ಟೈಲರ್ ತನ್ನ ಅಜ್ಜಿ ಹಾಕುತ್ತಿದ್ದಳೆಂದು ಜೇಬಿನಿಂದ ಇನ್ನೇನನ್ನೋ ತೆಗೆದು ಹಾಕಿದ. ಎಷ್ಟು ಹಾಕಬೇಕಿತ್ತು, ಯಾರು ಹಾಕಬೇಕಿತ್ತು, ಯಾರ ಅಜ್ಜಿ ದೊಡ್ಡವಳು ಎಂದು ಮೂವರಿಗೂ ಮಾತಿಗೆ ಮಾತು ಬೆಳೆಯಿತು. ಸಿಟ್ಟಿನಲ್ಲಿ ಇನ್ನೂ ಒಂದೊಂದು ಮುಷ್ಟಿ ಬಿತ್ತು.

ಶೇಡಣ್ಣನಿಗೆ ಇದಾವುದೂ ಕೇಳಿಸಲಿಲ್ಲ. ಬಾಣಲೆಯಲ್ಲಿ ಬಣ್ಣ ಏರುತ್ತಿತ್ತು. ಒಣ ಹುಲ್ಲಿನ ಬಣ್ಣ ಹೋಗಿ ಇಟ್ಟಿಗೆ, ಇಟ್ಟಿಗೆ ಹೋಗಿ ಹಳೆಯ ಬಾಗಿಲು. ಅರ್ಧ ಶೇಡ್ ಬಾಕಿ. ಕಾಲು ಶೇಡ್. ಯಾರದೋ ಕೈ ಮತ್ತೆ ಬಾಣಲೆಯ ಕಡೆ ಬಂತು.

"ಯಾರೂ ಮುಟ್ಟಬೇಡಿ. ಎಲ್ಲರೂ ಹೊರಗೆ ಹೋಗಿ. ಮೇಷ್ಟ್ರೇ, ನೀವೂ ಅಷ್ಟೆ, ನಿಮ್ಮ ಪಾಠ ಸಾಕು."

ಹದಿನಾರು ವರ್ಷದಲ್ಲಿ ಶೇಡಣ್ಣ ಯಾರ ಮೇಲೂ ದನಿ ಎತ್ತಿದವನಲ್ಲ. ಮೂವರೂ ಬಾಯಿ ಮುಚ್ಚಿಕೊಂಡು ಹೊರಗೆ ನಡೆದರು. ಟೈಲರ್ ಮಿಕ್ಸಿ ಬಿಟ್ಟು ಹೋದನೆಂಬುದೇ ಭಾಗ್ಯ. ಶೇಡಣ್ಣ ಒಲೆ ಆರಿಸಿ, ಬಾಣಲೆ ಇಳಿಸಿ, ತಣಿಸಿ, ಪುಡಿ ಮಾಡಿ, ಜರಡಿ ಹಿಡಿದು, ಕಾಗದದ ಮೇಲೆ ಒಂದು ಚಿಟಿಕೆ ಇಟ್ಟ. ಹಳೆಯದೂ ಹೊಸದೂ ಒಂದಾಗಿಹೋದವು. ಯಾವುದು ಯಾವುದೆಂದು ಅವನಿಗೇ ತಿಳಿಯಲಿಲ್ಲ. ತೊಳೆದು ಒಣಗಿಸಿಟ್ಟಿದ್ದ ಬಾಟ್ಲಿಗೆ ಪುಡಿ ತುಂಬಿ, ಮುಚ್ಚಳ ಬಿಗಿದು, ಕಪಾಟಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, ಖುಷಿಗೆ ಅಡುಗೆಮನೆಯಲ್ಲಿ ಒಬ್ಬನೇ ಎರಡು ಹೆಜ್ಜೆ ಕುಣಿದ.

ನಾಲ್ಕೂವರೆಗೆ ಹೆಂಡತಿ ಬಂದಳು. ಬಂದವಳೇ ಮೂಗು ಅರಳಿಸಿ, ಇದೇನು ವಾಸನೆ ಎಂದಳು. ಮೇಷ್ಟ್ರ ಮನೆಯಲ್ಲಿ ಏನೋ ಕರಟಿತಂತೆ ಎಂದ. ಅವಳು ಬಾಟ್ಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅವಳು ನಗುತ್ತಾ ಬಾಟ್ಲಿಯನ್ನು ಮೇಜಿನ ಮೇಲಿಟ್ಟು, ಸೀರೆ ಬದಲಾಯಿಸಲು ಹೋದಳು.

ಐದಕ್ಕೆ ಸರಿಯಾಗಿ ಯಜಮಾನರು ಬಂದರು. ದಪ್ಪ ಮನುಷ್ಯ, ಮಾತು ಕಡಿಮೆ. ಕುರ್ಚಿಯ ತುದಿಯಲ್ಲಿ ಕೂತರು, ಆಗಲೇ ಎದ್ದು ಹೋಗುವವರ ಹಾಗೆ. ಅವಳು ಬೇಯಿಸಿದ ತರಕಾರಿಗೆ ಪುಡಿ ಬೆರೆಸಿ ಮುಂದಿಟ್ಟಳು. ಅವರು ಮೊದಲು ಅಂಗೈ ಮೇಲೆ ಚಿಟಿಕೆ ಪುಡಿ ಹಾಕಿ ಉಜ್ಜಿ ಮೂಸಿದರು. ಹುಬ್ಬು ಮೇಲೇರಿತು. ಒಂದು ಚಮಚ ತಿಂದರು. ಕಣ್ಣು ಮುಚ್ಚಿದರು. ಇನ್ನೊಂದು ತಿಂದರು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತು, ತಟ್ಟೆ ಖಾಲಿ ಮಾಡಿ, ಇನ್ನೂ ಇದೆಯೆ ಎಂದು ಕೇಳಿದರು.

ಹೆಂಡತಿಯ ಮುಖ ನೋಡಬೇಕಿತ್ತು. ಅದನ್ನು ನೋಡಿ ಶೇಡಣ್ಣನ ಕಣ್ಣು ತುಂಬಿಬಂತು, ಈ ಸಲ ಘಾಟಿಲ್ಲದೆಯೇ. ಗೆದ್ದೆ ಎಂದುಕೊಂಡ.

"ನಿಜ ಹೇಳ್ತೀನಿ ತಾಯಿ, ಬೇಜಾರು ಮಾಡ್ಕೋಬೇಡಿ," ಎಂದರು ಯಜಮಾನರು ಬಾಯಿ ಒರೆಸಿಕೊಳ್ಳುತ್ತಾ. "ನಾನು ಬಂದಿದ್ದೇ ಬೇಡ ಅಂತ ಹೇಳೋಕೆ. ಹೋದ ತಿಂಗಳು ನಿಮ್ಮ ಅಕ್ಕ ನಿಮ್ಮ ಪುಡಿ ಒಂದು ಪೊಟ್ಟಣ ಕೊಟ್ಟಿದ್ರು. ಚೆನ್ನಾಗಿತ್ತು, ಆದ್ರೆ ಅಂಥದ್ದು ನನ್ನ ಅಂಗಡೀಲೇ ಏಳು ಥರ ಇದೆ. ಇದು ಬೇರೇನೇ. ಏನು ಬದಲಾಯಿಸಿದ್ರಿ?"

ಏನೂ ಬದಲಾಯಿಸಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ತೆರೆದ ಬಾಯಿಗೆ ಒಂದು ಚಿಟಿಕೆ ಹಾಕಿಕೊಂಡಳು. ಹದಿಮೂರು ವರ್ಷ ಒಂದೇ ಪುಡಿ ಹುರಿದ ನಾಲಿಗೆ ಅದು. ನಿಧಾನವಾಗಿ ಗಂಡನ ಕಡೆ ತಿರುಗಿದಳು. ಶೇಡಣ್ಣ ಇಂಗು ತಿಂದ ಮಂಗನಂತೆ ನಿಂತಿದ್ದ. ಆ ಮುಖವೇ ಎಲ್ಲವನ್ನೂ ಹೇಳುತ್ತಿತ್ತು.

ಅವಳು ಬೈಯಲಿಲ್ಲ. ಸುಮ್ಮನೆ ಕೂತಳು. ಬೆಳಗಿನಿಂದ ಯಾವ ಮುಖವನ್ನು ನೋಡಬಾರದೆಂದು ಅವನು ಬೆಂಕಿಯ ಮುಂದೆ ಬೆವರು ಸುರಿಸಿದ್ದನೋ ಅದೇ ಮುಖ ಅವನ ಎದುರಿಗಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು ಯಜಮಾನರಿಗೆ ಹೇಳಿದಳು.

"ಇದು ನಾನು ಮಾಡಿದ್ದಲ್ಲ, ಇವರು ಮಾಡಿದ್ದು. ತಿಂಗಳಿಗೆ ಎಷ್ಟು ಬೇಕು ನಿಮಗೆ?"

"ಹತ್ತು ಕೆಜಿ."

"ಹದಿನೈದು ಬರ್ಕೊಳ್ಳಿ. ಭಾನುವಾರ ಇವರಿಗೆ ಬೇರೆ ಕೆಲಸ ಇಲ್ಲ."

ಯಜಮಾನರು ಶೇಡಣ್ಣನ ಕೈ ಕುಲುಕಿ, ಮುಂದಿನ ಭಾನುವಾರ ಮೊದಲ ಐದು ಕೆಜಿ ಬರಲಿ, ರುಚಿ ಒಂದು ಎಳ್ಳಷ್ಟೂ ಆಚೀಚೆ ಆಗಬಾರದು ಎಂದು ಹೇಳಿ ಹೋದರು. ಹೆಂಡತಿ ಕಾಗದ ಪೆನ್ನು ತಂದಳು. ಏನೇನು, ಎಷ್ಟೆಷ್ಟು, ಯಾವುದರ ನಂತರ ಯಾವುದು, ಹೇಳಿ ಎಂದಳು. ಶೇಡಣ್ಣ ತಲೆ ಕೆರೆದುಕೊಂಡ.

"ಬಣ್ಣ ಗೊತ್ತು ಕಣೇ," ಎಂದ.

ಅವಳು ಪೆನ್ನಿನ ಕ್ಯಾಪು ಹಾಕಿ ಒಳಗೆ ಹೋದಳು. ಶೇಡಣ್ಣ ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಓಡಿದ. ನರ್ಸಕ್ಕನ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು, ನಿದ್ದೆ ಮಾಡುತ್ತಿದ್ದೇನೆ ಎಂದು ಅವಳೇ ಒಳಗಿನಿಂದ ಕೂಗಿ ಹೇಳಿದಳು. ಟೈಲರ್ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ತಾನೇನೂ ಹಾಕಿದ ನೆನಪಿಲ್ಲ, ಮಿಕ್ಸಿ ತೊಳೆದು ಕೊಟ್ಟರೆ ಸಾಕು ಎಂದ. ಉಳಿದವರು ಮೇಷ್ಟ್ರು. ಶೇಡಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ, ಕೈ ಮುಗಿದು, ಮುಂದಿನ ಭಾನುವಾರ ದಯವಿಟ್ಟು ಬಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನ ಅಡುಗೆಮನೆಯಲ್ಲಿ ಜಗಳ ಆಡಬೇಕು ಎಂದು ಬೇಡಿಕೊಂಡ.

ಮೇಷ್ಟ್ರು ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನೋಡಪ್ಪಾ, ಬೇರೆಯವರ ಮನೆ ವಿಷಯಕ್ಕೆ ತಲೆ ಹಾಕೋ ಅಭ್ಯಾಸ ನಮಗಿಲ್ಲ," ಎಂದು ಹೇಳಿ ಬಾಗಿಲು ಹಾಕಿಕೊಂಡರು.