ಮಾವನವರು ಮಿರ್ಚಿ ಕೇಳಿದರು

ಮಿರ್ಚಿ ಭಜಿ ಬಿಡಬೇಕಂತೆ! ಕುಷ್ಟಗಿಯಲ್ಲಿ ಹುಟ್ಟಿದ ಮನುಷ್ಯನಿಗೆ ಹೇಳುವ ಮಾತೇ ಇದು? ಡಾಕ್ಟರು ಬಿ.ಪಿ. ನೋಡಿ ಏನೋ ಅಂದರು. ಅಷ್ಟಕ್ಕೇ ನನ್ನ ಧರ್ಮಪತ್ನಿ ಸುರೇಖಾ ಎಣ್ಣೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬಸ್ ಸ್ಟ್ಯಾಂಡಿನ ಭಜಿ ಅಂಗಡಿಯ ಹುಲಿಗೆಪ್ಪನಿಗೂ ತಾಕೀತು ಹೋಯಿತು: "ನಮ್ಮನಿಯವ್ರು ಬಂದ್ರ ಬರೇ ನೀರು ಕೊಡು." ಪುಂಡಿಪಲ್ಯೆ, ಒಣರೊಟ್ಟಿ ತಿಂದು ತಿಂದು ಸುಣ್ಣವಾದೆ.

ಆಗ ಮೊಬೈಲಿನಲ್ಲಿ ಒಂದು ಹಳೇ ಕಪ್ಪು-ಬಿಳುಪು ದೆವ್ವದ ನಗೆಚಿತ್ರ ಸಿಕ್ಕಿತು. ಅದರಲ್ಲೊಬ್ಬ ಕಳ್ಳಸ್ವಾಮಿ. ಸತ್ತವರು ಮೈಮೇಲೆ ಬಂದರೆಂದು ಕಣ್ಣು ತೇಲಿಸಿ, ಗೊಗ್ಗರು ದನಿಯಲ್ಲಿ ಹೋಳಿಗೆ ಕೇಳುತ್ತಾನೆ. ಮನೆಯವರು ತುಪ್ಪ ಸುರಿದು ಬಡಿಸುತ್ತಾರೆ. ನನಗಷ್ಟೇ ಸಾಕಾಯಿತು. ಉಳಿದರ್ಧ ನೋಡುವ ತಾಳ್ಮೆ ಯಾರಿಗಿತ್ತು?

ಮರುದಿನ ಅಮಾವಾಸ್ಯೆ. ಸುರೇಖಾ ಜೋಳ ಹಸನು ಮಾಡುತ್ತಿದ್ದಳು. ಧೊಪ್ಪನೆ ಕೂತು ತಲೆ ಗಿರಗಿರ ತಿರುಗಿಸಿದೆ.

"ಏ ಸುರೀ... ನಾ ನಿಮ್ಮಪ್ಪ ಬಂದೀನಿ!"

ಅವಳ ಕೈಯಿಂದ ಮೊರ ಬಿತ್ತು. "ಅಪ್ಪಾ! ಹ್ಯಾಂಗದೀಪಾ?"

"ಹಸಿವಿ ಆಗೇತಿ. ಮಿರ್ಚಿ ಭಜಿ ಮಾಡು."

"ಮಿರ್ಚಿ? ಬದುಕಿದ್ದಾಗ ಖಾರ ಮೂಸಿ ಸೈತ ನೋಡ್ತಿದ್ದಿಲ್ಲಲ್ಲಪಾ!"

ನಾನು ತಬ್ಬಿಬ್ಬಾದೆ. "ಅದು... ಅಲ್ಲಿ ಹೋದಮ್ಯಾಲೆ ರೂಢಿ ಆತು."

ಪಾಪ, ಅಳುತ್ತಲೇ ಬಾಣಲೆ ಇಟ್ಟಳು. ನನಗೆ ನಾಚಿಕೆಯಾಯಿತು (ಭಜಿಯ ವಾಸನೆ ಬರುವವರೆಗೆ). ಆದರೆ ಕರಿದದ್ದನ್ನು ಎಲೆಗೆ ಹಾಕಿಕೊಂಡು ಅವಳು ಮಾಳಿಗೆ ಹತ್ತಬೇಕೆ!

"ಏ, ಎಲ್ಲಿಗೆ ಹೊಂಟಿ?" ಮಾವನ ದನಿ ಮರೆತು ನನ್ನ ದನಿಯಲ್ಲೇ ಕೂಗಿದೆ.

"ಸತ್ತವ್ರು ಕೇಳಿದ್ದು ಮೊದಲ ಕಾಗಿ ಮುಟ್ಟಬೇಕಲ್ರಿ. ಅಲ್ಲೀತನಕ ಮನ್ಯಾಗ ಯಾರೂ ಬಾಯಾಗ ಹಾಕ್ಕೊಳ್ಳಂಗಿಲ್ಲ."

ಆ ಚಿತ್ರದಲ್ಲಿ ಈ ಕಾಗೆಯ ಶಾಸ್ತ್ರ ಎಲ್ಲಿತ್ತು! ನಾನೂ ಹಿಂದೆಯೇ ಹತ್ತಿದೆ. ನೀರಿನ ಟಾಕಿಯ ಮೇಲೆ ಕಾಗೆಯೊಂದು ಬಂದು ಕೂತಿತು. ಕೂತೇ ಇತ್ತು. ಭಜಿ ಆರುತ್ತಿತ್ತು, ನನ್ನ ಜೀವ ಹಾರುತ್ತಿತ್ತು.

ಪಕ್ಕದ ಮಾಳಿಗೆಯಿಂದ ಎಲ್ಲ ಕೇಳಿಸಿಕೊಂಡ ಗೌಸಬೀ ಕೂಗಿದಳು: "ಅಕ್ಕಾ, ನಿಮ್ಮಪ್ಪನ ಮನಸ್ಸಿನ್ಯಾಗ ಏನೋ ಆಸೆ ಉಳದೈತಿ. ಕೇಳ್ರಿ!"

ಸುರೇಖಾ ಕೈಮುಗಿದಳು. "ಅಪ್ಪಾ, ಅಕ್ಕನ ಮನಿಗೆ ಹೋಗಿ ಬರ್ತೀನಿ." ಕಾಗೆ ಅಲುಗಲಿಲ್ಲ. "ನಿನ್ನ ಫೋಟೋಕ್ಕ ಹೊಸಾ ಕಟ್ಟು ಹಾಕಸ್ತೀನಿ." ಊಹೂಂ.

ಇದೇ ಸಮಯವೆಂದು ನಾನು ಪಿಸುಗುಟ್ಟಿದೆ: "ಅಳಿಯಗ ದಿನಾ ಭಜಿ ಹಾಕ್ತೀನಿ ಅಂತ ಹೇಳಿ ನೋಡು."

ಹೇಳಿದಳು. ಕಾಗೆ ನಮಗೆ ಬೆನ್ನು ತಿರುಗಿಸಿ ಕೂತಿತು!

"ಹಂಗಾರ... ಅಳಿಯಗ ಜನ್ಮದಾಗ ಭಜಿ ಹಾಕಂಗಿಲ್ಲಪಾ. ನಿನ್ನಾಣಿ!"

ಬಾಯಿಂದ ಮಾತು ಬೀಳುವುದೇ ತಡ, ಕಾಗೆ ಸರ್ರನೆ ಇಳಿದು ಭಜಿ ಕಚ್ಚಿತು.

"ನೋಡಿದ್ರಿಲ್ಲೋ? ಅಪ್ಪ ಒಪ್ಪಿದ," ಎಂದು ಸುರೇಖಾ ಕಣ್ಣೊರೆಸಿಕೊಂಡಳು. ಒಲೆಯ ಹತ್ತಿರ ಉಳಿದಿದ್ದ ಭಜಿಯೆಲ್ಲ ಗೌಸಬೀಯ ಮನೆಗೆ ಹೋಯಿತು. ಡಾಕ್ಟರ ಮಾತಾದರೆ ಮೀರಬಹುದಿತ್ತು, ಸತ್ತವರ ಆಣೆ ಮೀರುವುದು ಹೇಗೆ? ಅವಳಿಗೆ ನನ್ನ ನಾಟಕ ತಿಳಿದಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಸಂಜೆ ಒಣರೊಟ್ಟಿ ಮುರಿಯುತ್ತ ಚಿತ್ರದ ಉಳಿದರ್ಧ ನೋಡಿದೆ. ಕಳ್ಳಸ್ವಾಮಿ ಸುಳ್ಳುಸುಳ್ಳೇ ಕರೆದ ಸತ್ತವರು ಕೊನೆಗೆ ನಿಜವಾಗಿಯೂ ಬರುತ್ತಾರೆ! ತಲೆಯೆತ್ತಿದರೆ, ಕಿಟಕಿಯಲ್ಲಿ ಅದೇ ಕಾಗೆ.

ಎದ್ದು ನಿಂತು ಕೈಮುಗಿದೆ. "ಊಟ ಆತೇನ್ರಿ, ಮಾವಾ?"